ಮನೆಯಲ್ಲಿ ಕುಳಿತು ಆನ್‌ಲೈನ್ ಕೆಲಸ: ವಯಸ್ಸಾದ ಮೇಲೆ ಶುರು ಮಾಡುವವರಿಗೆ ಒಂದು ಪಾಠ



ಈ ಸಲದ ಪಾಠವನ್ನು ನಮ್ಮದೇ ಒಂದು ತಪ್ಪಿನಿಂದ ಶುರು ಮಾಡುತ್ತೇವೆ.

ಖಾನಾಪುರ ಕಡೆಯ ಒಂದು ಸ್ವಸಹಾಯ ಸಂಘದಲ್ಲಿ 51 ವರ್ಷದ ಒಬ್ಬ ತಾಯಿ ಇದ್ದಾರೆ. ಹುಡುಗಿಯಾಗಿದ್ದಾಗಲೇ ಕನ್ನಡ ಟೈಪಿಂಗ್ ಜೂನಿಯರ್, ಸೀನಿಯರ್ ಎರಡೂ ಪಾಸಾದವರು. ಬೆಳಗಾವಿಯ ಒಂದು ಡಿಟಿಪಿ ಅಂಗಡಿಯಲ್ಲಿ ಬಹಳ ವರ್ಷ ದುಡಿದರು. ಅಂಗಡಿ ಮುಚ್ಚಿತು. ಯಜಮಾನರಿಗೆ ಬೆನ್ನುನೋವು ಬಂದು ಇಟ್ಟಂಗಿ ಭಟ್ಟಿಯ ಕೆಲಸ ನಿಂತಿತು. ಒಂದು ದಿನ ಮೊಬೈಲ್‌ನಲ್ಲಿ ಜಾಹೀರಾತು ಬಂತು: ಮನೆಯಲ್ಲೇ ಟೈಪಿಂಗ್, ತಿಂಗಳಿಗೆ 25 ಸಾವಿರ, ನೋಂದಣಿ ಶುಲ್ಕ ಮಾತ್ರ ಕೊಡಬೇಕು. ಸಂಘದಿಂದ 6 ಸಾವಿರ ಸಾಲ ತೆಗೆದು ಕಟ್ಟಿದರು. ಆ ಸಾಲ ಮಂಜೂರಾದ ಸಭೆಯಲ್ಲಿ ನಾನೂ ಕುಳಿತಿದ್ದೆ. "ಚಲೋ ಆತು, ಮಾಡ್ರಿ" ಅಂದೆ. ಕೆಲಸ ಕೊಡೋರು ಯಾರು, ಅವರು ರೊಕ್ಕ ಯಾಕ ಕೇಳ್ತಾರ ಅಂತ ಒಂದು ಮಾತು ಕೇಳಲಿಲ್ಲ.

ಹತ್ತು ರಾತ್ರಿ ನಿದ್ದೆಗೆಟ್ಟು ಟೈಪ್ ಮಾಡಿ ಕಳಿಸಿದರು. ತಪ್ಪು ಹೆಚ್ಚಾಗಿವೆ, ಕರಾರು ಮುರಿದಿದ್ದೀರಿ ಅಂತ ಉತ್ತರ ಬಂತು. ಮರುದಿನ ವಕೀಲರ ಹೆಸರಿನಲ್ಲಿ ನೋಟಿಸ್: 18 ಸಾವಿರ ದಂಡ ಕಟ್ಟಿ, ಇಲ್ಲವಾದರೆ ಕೇಸು. ಎಂಟು ದಿನ ಯಾರಿಗೂ ಹೇಳದೆ ಅತ್ತು, ಒಂಬತ್ತನೇ ದಿನ ಬಂದು ಕೇಳಿದರು: "ಸಿಸ್ಟರ್, ನನ್ನ ಮನಿಗೆ ಪೊಲೀಸರು ಬರ್ತಾರೇನ್ರಿ?"

ಪೊಲೀಸರು ಬರಲಿಲ್ಲ. ಆದರೆ 6 ಸಾವಿರವೂ ತಿರುಗಿ ಬರಲಿಲ್ಲ. ಆ ತಾಯಿಗೆ ಕೆಲಸ ಬರುತ್ತಿರಲಿಲ್ಲ ಅಂತೇನಲ್ಲ. ಅವರ ಕೈಯಲ್ಲಿ ಒಳ್ಳೆಯ ಕಸುಬು ಇತ್ತು. ಅದನ್ನು ಮಾರುವ ಬದಲು ಇನ್ನೊಬ್ಬರಿಂದ ಕೆಲಸವನ್ನು ರೊಕ್ಕ ಕೊಟ್ಟು ಕೊಳ್ಳಲು ಹೋದರು. ಈ ಪಾಠದಲ್ಲಿ ನೆನಪಿಡಬೇಕಾದದ್ದು ಇದೇ: ಐವತ್ತರ ಆಸುಪಾಸಿನಲ್ಲಿ ಆನ್‌ಲೈನ್ ಕೆಲಸಕ್ಕೆ ಇಳಿಯುವವರು ಮಾರಬೇಕಾದದ್ದು ತಮ್ಮ ಹಳೆಯ ವಿದ್ಯೆಯನ್ನು. ಕಂಪ್ಯೂಟರ್ ಅದನ್ನು ಸಾಗಿಸುವ ಗಾಡಿ ಅಷ್ಟೇ.

1. ಫ್ರೀಲಾನ್ಸ್ ಅಂದರೇನು?

ನಮ್ಮ ಗಲ್ಲಿಯ ಟೇಲರ್ ಅಕ್ಕ ಯಾರ ನೌಕರಳೂ ಅಲ್ಲ. ಬಟ್ಟೆ ತಂದುಕೊಟ್ಟವರಿಗೆ ಹೊಲಿದು ಕೊಡ್ತಾರೆ, ಹೊಲಿಗೆ ಕೂಲಿ ತಗೋತಾರೆ. ಫ್ರೀಲಾನ್ಸ್ ಅಂದರೆ ಇದೇ. ಸಂಬಳ ಇಲ್ಲ, ಪಿ.ಎಫ್. ಇಲ್ಲ, ರಜೆ ಇಲ್ಲ. ಕೆಲಸ ಒಪ್ಪಿಕೊಂಡು, ಮುಗಿಸಿ, ಹಣ ಪಡೆಯುವುದು. ಆನ್‌ಲೈನ್ ಆದಾಗ ಬಟ್ಟೆಯ ಬದಲು ಫೈಲ್ ಬರುತ್ತದೆ, ಗಿರಾಕಿ ಪುಣೆಯಲ್ಲೋ ದುಬೈಯಲ್ಲೋ ಇರಬಹುದು.

ಇಂಥ ಗಿರಾಕಿ ಮತ್ತು ಕೆಲಸಗಾರರನ್ನು ಸೇರಿಸುವ ದೊಡ್ಡ ಸಂತೆಗಳು ಈಗ ಅಂತರ್ಜಾಲದಲ್ಲಿವೆ. ಈಲಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ಕಂಪನಿ ಕೂಡಿ 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಫೈವರ್ 2010ರಲ್ಲಿ ಶುರುವಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2021ರ ವರದಿಯ ಪ್ರಕಾರ, ಜಗತ್ತಿನಲ್ಲಿ ಇಂಥ ಡಿಜಿಟಲ್ ವೇದಿಕೆಗಳು 2010ರಲ್ಲಿ 142 ಇದ್ದದ್ದು 2020ಕ್ಕೆ 777 ದಾಟಿದವು. ಇದರಲ್ಲಿ ಊಟ ಮುಟ್ಟಿಸುವ, ಟ್ಯಾಕ್ಸಿ ಓಡಿಸುವ ವೇದಿಕೆಗಳೂ ಸೇರಿವೆ. ನಮ್ಮ ದೇಶದ ನೀತಿ ಆಯೋಗ 2022ರಲ್ಲಿ ಕೊಟ್ಟ ಅಂದಾಜು: 2020-21ರಲ್ಲಿ ಗಿಗ್ ಕೆಲಸಗಾರರು 77 ಲಕ್ಷ, 2029-30ಕ್ಕೆ 2.35 ಕೋಟಿ.

"ನನಗ ಐವತ್ತು ದಾಟೇದ, ನನ್ನ ಯಾರು ಕರೀತಾರ್ರಿ?" ಅಂತ ಕೇಳ್ತೀರಿ. ಅಪ್‌ವರ್ಕ್ ಸೇರಲು 18 ತುಂಬಿರಬೇಕು, ಮೇಲಿನ ಮಿತಿ ಇಲ್ಲ. ದೂರದ ಗಿರಾಕಿಗೆ ನಿಮ್ಮ ತಲೆಗೂದಲು ಕಾಣುವುದಿಲ್ಲ, ಕೆಲಸ ಕಾಣುತ್ತದೆ.

2. ಮೊದಲು ಮೋಸ ಗುರುತಿಸುವುದನ್ನು ಕಲಿಯಿರಿ

ಕೆಳಗಿನ ಐದರಲ್ಲಿ ಒಂದು ಕಂಡರೂ ಅಲ್ಲಿಗೇ ನಿಲ್ಲಿಸಿ.

ಅ) ನೋಂದಣಿ, ತರಬೇತಿ, ಠೇವಣಿ, ಸಾಫ್ಟ್‌ವೇರ್ ಅಂತ ಯಾವುದೇ ಹೆಸರಿನಲ್ಲಿ ಮೊದಲು ಹಣ ಕೇಳುವುದು.

ಆ) ಸ್ಟಾಂಪ್ ಕಾಗದದ ಕರಾರಿಗೆ ಸಹಿ ಹಾಕಿಸಿ, "ನೂರಕ್ಕೆ ಇಷ್ಟು ಸರಿ ಇರಬೇಕು, ಇಲ್ಲವಾದರೆ ದಂಡ" ಎನ್ನುವುದು. ನೀವು ಎಷ್ಟು ಚೆನ್ನಾಗಿ ಮಾಡಿದರೂ ಇವರು ತಪ್ಪು ಅಂತಲೇ ಹೇಳುವವರು. ಅವರ ಗಳಿಕೆ ನಿಮ್ಮ ಟೈಪಿಂಗ್‌ನಿಂದ ಅಲ್ಲ, ದಂಡದಿಂದ.

ಇ) ಟೆಲಿಗ್ರಾಂ ಗುಂಪಿಗೆ ಸೇರಿಸಿ, ಹೋಟೆಲ್‌ಗಳಿಗೆ ಲೈಕ್ ಒತ್ತಿದ್ದಕ್ಕೆ 150-200 ರೂಪಾಯಿ ನಿಜವಾಗಿಯೂ ಹಾಕಿ, ಆಮೇಲೆ "ದೊಡ್ಡ ಟಾಸ್ಕ್‌ಗೆ 5 ಸಾವಿರ ಹಾಕಿ" ಎನ್ನುವುದು.

ಈ) "ನಿಮ್ಮ ಖಾತೆಗೆ ಹಣ ಬರ್ತದ, ಮುಂದೆ ಕಳಿಸ್ರಿ, ಕಮಿಷನ್ ಇಟ್ಕೊಳ್ರಿ" ಎನ್ನುವುದು. ಅದು ಇನ್ಯಾರನ್ನೋ ಮೋಸ ಮಾಡಿ ತಂದ ಹಣ ಇರುತ್ತದೆ. ಖಾತೆ ನಿಮ್ಮ ಹೆಸರಿನಲ್ಲಿ ಇರುವುದರಿಂದ ಪೊಲೀಸರು ಮೊದಲು ನಿಮ್ಮನ್ನೇ ಕೇಳುತ್ತಾರೆ.

ಉ) ಹಣ ಕಳಿಸುತ್ತೇವೆ, ಪಿನ್ ಒತ್ತಿ ಎನ್ನುವುದು. ಫೋನ್‌ಪೇ ಇರಲಿ, ಗೂಗಲ್ ಪೇ ಇರಲಿ, ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಒಂದು ಸ್ಪಷ್ಟನೆ. ಅಪ್‌ವರ್ಕ್‌ನಲ್ಲಿ ಕೆಲಸಕ್ಕೆ ಅರ್ಜಿ ಹಾಕಲು "ಕನೆಕ್ಟ್ಸ್" ಎಂಬ ಟೋಕನ್ ಬೇಕು, ಮುಗಿದರೆ ಕೊಳ್ಳಬೇಕು. ಇದು ಮೋಸ ಅಲ್ಲ, ಆ ಸಂತೆಯ ಸುಂಕ. ಆದರೆ ಟೋಕನ್ ಕೊಂಡವರಿಗೆಲ್ಲ ಕೆಲಸ ಸಿಗುತ್ತದೆ ಅಂತಲೂ ಅಲ್ಲ. ಸಾಲ ಮಾಡಿ ಟೋಕನ್ ಕೊಳ್ಳಬೇಡಿ.

ಮೋಸ ಆಗಿಬಿಟ್ಟರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಮೊದಲ ಒಂದೆರಡು ತಾಸಿನಲ್ಲೇ ತಿಳಿಸಿದರೆ ಹಣ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯುವ ಸಾಧ್ಯತೆ ಹೆಚ್ಚು. ನಮ್ಮ ತಾಯಿ ನಾಚಿಕೆಯಿಂದ ಎಂಟು ದಿನ ಕಳೆದರು, ಅಷ್ಟರಲ್ಲಿ ಹಣ ಕೈಬಿಟ್ಟಿತ್ತು. ವಕೀಲರ ಹೆಸರಿನ ನೋಟಿಸ್ ಬಂದರೆ ಹೆದರಿ ದಂಡ ಕಟ್ಟಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಯಾವುದೇ ಮಹಿಳೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅರ್ಹಳು. ಬೆಳಗಾವಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ಖಾನಾಪುರದವರು ತಾಲೂಕು ಸಮಿತಿಗೆ ಹೋಗಬಹುದು. ಅದರ ಸಹಾಯವಾಣಿ 15100.

3. ನಮ್ಮ ಹತ್ತಿರ ಏನೈತಿ?

ಒಂದು ಕಾಗದ ತೆಗೆದುಕೊಂಡು, ಇಷ್ಟು ವರ್ಷ ಏನೇನು ಮಾಡಿದ್ದೀರಿ ಅಂತ ಬರೆಯಿರಿ. ಸಣ್ಣದು ಅಂತ ಬಿಡಬೇಡಿ. ಬೆಳಗಾವಿ, ಖಾನಾಪುರದ ಜನರಿಗೆ ಒಂದು ದೊಡ್ಡ ಆಸ್ತಿ ಇದೆ: ಭಾಷೆ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ನೆರೆಮನೆಯಲ್ಲಿ ಉರ್ದು. ನಾವು ಇದನ್ನು ವಿದ್ಯೆ ಅಂತ ಲೆಕ್ಕ ಹಿಡಿಯುವುದೇ ಇಲ್ಲ. ಬೆಂಗಳೂರಿನಲ್ಲಿ ಓದಿದ ಅನೇಕರಿಗೆ ಇದು ಇಲ್ಲ.

ಟೈಪಿಂಗ್ ಮತ್ತು ಪುಟ ವಿನ್ಯಾಸ: ಹಳೆಯ ಡಿಟಿಪಿ ಕೆಲಸಗಾರರು ನುಡಿ, ಬರಹ ತಂತ್ರಾಂಶಗಳಲ್ಲಿ ಕಲಿತವರು. ಹಳೆಯ ನುಡಿ ಅಕ್ಷರದಲ್ಲಿ ಮಾಡಿದ ಫೈಲ್‌ನಿಂದ ಆ ಫಾಂಟ್ ತೆಗೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಈಗ ಗಿರಾಕಿಗಳು ಸಾಮಾನ್ಯವಾಗಿ ಕೇಳುವುದು ಯುನಿಕೋಡ್, ಅಂದರೆ ಯಾವ ಫೋನ್‌ನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ. ಪರೀಕ್ಷೆ ಸುಲಭ: ಎರಡು ಸಾಲು ನಕಲು ಮಾಡಿ ವಾಟ್ಸಾಪ್‌ನಲ್ಲಿ ಹಾಕಿ ನೋಡಿ. ಕನ್ನಡ ಕಂಡರೆ ಯುನಿಕೋಡ್. ನುಡಿಯ ಕೀಲಿಮಣೆ ಬೆರಳಿಗೆ ಕೂತವರು ಹೊಸದಾಗಿ ಕಲಿಯಬೇಕಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಅದೇ ಕೀಲಿಗಳಿಂದ ಯುನಿಕೋಡ್ ಬರೆಯಬಹುದು. ಹಳೆಯ ಪುಸ್ತಕ, ಸ್ಮರಣ ಸಂಚಿಕೆಗಳ ಹಳೆ ಫೈಲ್‌ಗಳನ್ನು ಯುನಿಕೋಡ್‌ಗೆ ತಂದು ತಪ್ಪು ತಿದ್ದುವುದು ಒಂದು ಪ್ರತ್ಯೇಕ ಕೆಲಸ. ಒತ್ತಕ್ಷರ, ರೇಫ ಎಲ್ಲಿ ಕೆಡುತ್ತವೆ ಅಂತ ಹಳಬರಿಗೇ ಗೊತ್ತು.

ಹಳೆಯ ಕಾಗದಪತ್ರ: 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಇಲ್ಲಿಯ ಅನೇಕ ಮನೆಗಳಲ್ಲಿ ಜಮೀನಿನ ಹಳೆಯ ಕಾಗದ ಮರಾಠಿಯಲ್ಲಿವೆ, ಇನ್ನೂ ಹಳೆಯವು ಮೋಡಿ ಲಿಪಿಯಲ್ಲಿವೆ. ಮೋಡಿ ಓದಬಲ್ಲ ಹಿರಿಯರು ಬೆರಳೆಣಿಕೆ. ಕಾಗದದ ಫೋಟೋ ಕಳಿಸಿದರೆ ಅರ್ಥ ಬರೆದುಕೊಡುವ ಕೆಲಸ 65ರ ಅಜ್ಜನೂ ಮಾಡಬಹುದು. ಆದರೆ ಇದು ತಿಳಿವಳಿಕೆಗೆ ಮಾತ್ರ, ಕೋರ್ಟಿಗೆ ಬೇಕಾದ ದೃಢೀಕೃತ ಅನುವಾದ ಬೇರೆ ಅಂತ ಮೊದಲೇ ಹೇಳಿಬಿಡಬೇಕು.

ಧ್ವನಿ: ಕಂಪ್ಯೂಟರ್‌ಗೆ ನಮ್ಮ ಭಾಷೆ ಕಲಿಸಲು ಜನರ ಮಾತು ಬೇಕು. ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ, ಮೊಬೈಲ್‌ನಲ್ಲಿ ವಾಕ್ಯ ಓದಿ ದಾಖಲಿಸುವ ಕೆಲಸವನ್ನು ಹಳ್ಳಿಯವರಿಗೆ ಕೊಟ್ಟು, ಗಂಟೆಗೆ ಕನಿಷ್ಠ 5 ಡಾಲರ್ ಕೊಡುವ ಕ್ರಮ ಇಟ್ಟಿತ್ತು. 2023ರಲ್ಲಿ ಅಮೆರಿಕದ ಟೈಮ್ ಪತ್ರಿಕೆ, ಕರ್ನಾಟಕದ ಹಳ್ಳಿಯ ಮಹಿಳೆಯರು ಕನ್ನಡ ವಾಕ್ಯ ಓದಿ ಹೀಗೆ ಗಳಿಸಿದ್ದನ್ನು ವರದಿ ಮಾಡಿತು. ಒಬ್ಬರ ಗಳಿಕೆಗೆ ಒಂದು ಮಿತಿ ಇಟ್ಟು ಮುಂದೆ ಬೇರೆಯವರಿಗೆ ಅವಕಾಶ ಕೊಡುವುದು ಅಲ್ಲಿಯ ಪದ್ಧತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆಯೂ ದೇಶದ ಜಿಲ್ಲೆ ಜಿಲ್ಲೆಯ ಮಾತನ್ನು ಸಂಗ್ರಹಿಸುತ್ತದೆ. ಇಂಥ ಕೆಲಸ ಬಂದಾಗ ಮಾಡಿರಿ, ಆದರೆ ಇದನ್ನೇ ನಂಬಿ ಮನೆ ನಡೆಸಲು ಆಗದು.

ಕಲಿಸುವುದು ಮತ್ತು ಲೆಕ್ಕ: ಮುಂಬಯಿ, ಪುಣೆ, ಕೊಲ್ಲಿ ದೇಶಗಳಲ್ಲಿರುವ ನಮ್ಮ ಜನರ ಮಕ್ಕಳಿಗೆ ಕನ್ನಡ ಓದು-ಬರಹ ಹೇಳಿಕೊಡಲು ನಿವೃತ್ತ ಶಿಕ್ಷಕಿಯರಿಗೆ ಒಂದು ಸ್ಮಾರ್ಟ್‌ಫೋನ್ ಸಾಕು. ಟ್ಯಾಲಿ ಗೊತ್ತಿರುವ ನಿವೃತ್ತ ಗುಮಾಸ್ತರು ಎರಡು ಮೂರು ಅಂಗಡಿಯ ಲೆಕ್ಕ ಮನೆಯಿಂದಲೇ ಬರೆಯಬಹುದು.

4. ಯಂತ್ರವೇ ಅನುವಾದ ಮಾಡ್ತದಲ್ಲ?

ಹೌದು. ಗೂಗಲ್‌ನ ಅನುವಾದದಲ್ಲಿ ಕನ್ನಡ 2011ರಲ್ಲಿ, ಕೊಂಕಣಿ 2022ರಲ್ಲಿ ಸೇರಿದವು. ಈಗಿನ ಎಐ ಇನ್ನೂ ಮುಂದೆ ಹೋಗಿದೆ. ಸಾದಾ ಟೈಪಿಂಗ್‌ಗೆ, ಸಾದಾ ಅನುವಾದಕ್ಕೆ ಮೊದಲಿನ ದರ ಇಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ತೋರಿಸುವುದು ಸರಿಯಲ್ಲ.

ಉಳಿದಿರುವುದು ತಿದ್ದುವ ಕೆಲಸ. "ಆತ ಕೈ ಕೊಟ್ಟ" ಅಂದರೆ ನಮಗೆ ಮೋಸ ಮಾಡಿದ ಅಂತ ತಿಳಿಯುತ್ತದೆ. ಯಂತ್ರ ಅದನ್ನು ಕೈ ಚಾಚಿದ ಅಂತ ತಿಳಿದರೆ ಇಡೀ ಹೇಳಿಕೆ ತಿರುವುಮುರುವು. ಔಷಧದ ಚೀಟಿ, ಸಾಲದ ಕರಾರು, ಸರ್ಕಾರಿ ಅರ್ಜಿ ಇಂಥವುಗಳಲ್ಲಿ ಒಂದು ತಪ್ಪು ಪದ ಮನೆ ಕೆಡಿಸುತ್ತದೆ. ಹಳ್ಳಿಯ ಅಜ್ಜಿಗೆ ಇದು ತಿಳಿಯುತ್ತದೋ ಇಲ್ಲವೋ ಅಂತ ಓದಿ ಹೇಳುವವರು ಬೇಕು. ಅದಕ್ಕೆ ಬದುಕು ಕಂಡವರೇ ಬೇಕು. ಆದ್ದರಿಂದ "ನಾನು ಅನುವಾದ ಮಾಡುತ್ತೇನೆ" ಅನ್ನುವುದಕ್ಕಿಂತ "ಯಂತ್ರ ಮಾಡಿದ ಕನ್ನಡ, ಮರಾಠಿ, ಕೊಂಕಣಿಯನ್ನು ಓದಿ ತಿದ್ದಿ ಕೊಡುತ್ತೇನೆ" ಎಂದು ಹೇಳಿಕೊಳ್ಳಿ.

5. ಮೊದಲ ಗಿರಾಕಿ ಎಲ್ಲಿ?

ಹೊಸಬರು ನೇರವಾಗಿ ಅಮೆರಿಕದ ಗಿರಾಕಿಯನ್ನು ಹುಡುಕುತ್ತಾರೆ. ಅಲ್ಲಿ ಸಾವಿರಾರು ಜನ ಮೊದಲೇ ಸಾಲಿನಲ್ಲಿದ್ದಾರೆ. ವಯಸ್ಸಾದವರಿಗೆ ಎಳೆಯರಿಗಿಲ್ಲದ ಒಂದು ಅನುಕೂಲ ಇದೆ: ಮೂವತ್ತು ವರ್ಷದ ಪರಿಚಯ. ಮುದ್ರಣಾಲಯದವರು, ವಕೀಲರ ಗುಮಾಸ್ತರು, ಶಾಲೆಯ ಮುಖ್ಯೋಪಾಧ್ಯಾಯರು, ಗೋವಾಕ್ಕೆ ಹೋದ ತವರುಮನೆಯವರು. ಅವರಲ್ಲಿ ಹತ್ತು ಜನಕ್ಕೆ ವಾಟ್ಸಾಪ್‌ನಲ್ಲಿ ಬರೆಯಿರಿ. ಹೀಗೆ ಬರೆಯಬಹುದು:

"ನಮಸ್ಕಾರ. ನಾನು 18 ವರ್ಷ ಕನ್ನಡ ಡಿಟಿಪಿ ಮಾಡಿದ್ದೇನೆ. ಮರಾಠಿ, ಕೊಂಕಣಿ ಓದಿ ಬರೆಯುತ್ತೇನೆ. ಈಗ ಮನೆಯಿಂದ ಕೆಲಸ ತೆಗೆದುಕೊಳ್ಳುತ್ತಿದ್ದೇನೆ. ದಿನಕ್ಕೆ 10 ಪುಟ ಯುನಿಕೋಡ್‌ನಲ್ಲಿ, ಒಮ್ಮೆ ತಿದ್ದಿ, ಇಮೇಲ್‌ನಲ್ಲಿ ಕಳಿಸುತ್ತೇನೆ. ಒಂದು ಪುಟ ಮಾದರಿ ಜೊತೆಗಿದೆ."

"ಪ್ರಾಮಾಣಿಕಳು, ಕಷ್ಟಪಟ್ಟು ದುಡಿಯುವವಳು" ಅಂತ ಎಲ್ಲರೂ ಬರೆಯುತ್ತಾರೆ. ಎಷ್ಟು ವರ್ಷ, ಯಾವ ಕೆಲಸ, ದಿನಕ್ಕೆ ಎಷ್ಟು ಅಂತ ಬರೆದರೆ ನಂಬಿಕೆ ಬರುತ್ತದೆ. ಖಾನಾಪುರದ ಗಡಿಗಿ ಕೊಳ್ಳುವಾಗ ನಾವು ಬೆರಳಿನಿಂದ ಬಾರಿಸಿ ನೋಡ್ತೀವಲ್ಲ, ಗಿರಾಕಿಗೂ ಬಾರಿಸಿ ನೋಡಲು ಒಂದು ಮಾದರಿ ಪುಟ ಬೇಕು. ಒಂದು ಪುಟ ಉಚಿತ ಸರಿ. ಮಾದರಿ ಅಂತ ಹೇಳಿ ಐವತ್ತು ಪುಟ ಕಳಿಸಿದರೆ ಅದು ಬಿಟ್ಟಿ ದುಡಿಸುವ ಉಪಾಯ, ಒಪ್ಪಬೇಡಿ. ದೊಡ್ಡ ಕೆಲಸವಾದರೆ ಅರ್ಧ ಹಣ ಮುಂಗಡ ಕೇಳುವುದು ನಿಮ್ಮ ಹಕ್ಕು. ಹೀಗೆ ನಾಲ್ಕೈದು ಕೆಲಸ ಮುಗಿಸಿ ಕೈ ಪಳಗಿದ ಮೇಲೆ ಅಪ್‌ವರ್ಕ್, ಫೈವರ್ ಕಡೆ ನೋಡಿರಿ.

ಕಂಪ್ಯೂಟರ್ ಇಲ್ಲದವರು ಕೂಡಲೇ ಕೊಳ್ಳಬೇಡಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ, ಹಲವು ಕಡೆ ಕಂಪ್ಯೂಟರ್ ಇವೆ. ಮೊದಲು ಅಲ್ಲಿ ಕೈ ಕೂಡಿಸಿ. ಕಣಕುಂಬಿ, ಜಾಂಬೋಟಿ, ಭೀಮಗಡದ ಅಡವಿ ಕಡೆಯವರಿಗೆ ಮಳೆಗಾಲದಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಕಷ್ಟ. ಅವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ "ಇವತ್ತೇ ಕೊಡ್ತೀನಿ" ಅನ್ನುವ ಕೆಲಸ ಹಿಡಿಯಬಾರದು. ವಾರದ ಗಡುವು ಇರುವ ಕೆಲಸ ಹಿಡಿದು, ಮನೆಯಲ್ಲಿ ಮುಗಿಸಿ, ಖಾನಾಪುರಕ್ಕೆ ಬಂದ ದಿನ ಕಳಿಸಬಹುದು.

6. ಲೆಕ್ಕ ಹಾಕಿ ನೋಡೋಣ

ಫೈವರ್‌ನಲ್ಲಿ 1,000 ರೂಪಾಯಿಯ ಒಂದು ಕೆಲಸ ಸಿಕ್ಕಿತು ಅನ್ನಿ. ಫೈವರ್ ನೂರಕ್ಕೆ 20 ಹಿಡಿಯುತ್ತದೆ. ಉಳಿದದ್ದು 800. ಡಾಲರ್ ರೂಪಾಯಿ ಆಗುವಾಗ ಇನ್ನೂ ಸ್ವಲ್ಪ ಹೋಗುತ್ತದೆ, ಅದನ್ನು ಸದ್ಯ ಬಿಡೋಣ. ಕೆಲಸಕ್ಕೆ 6 ತಾಸು, ಗಿರಾಕಿಯ ಜೊತೆ ಮಾತು ಮತ್ತು ತಿದ್ದುಪಡಿಗೆ 2 ತಾಸು, ಒಟ್ಟು 8 ತಾಸು. ತಾಸಿಗೆ 100 ಬಿತ್ತು, ಒಂದು ದಿನದ ದುಡಿಮೆಗೆ ಇದು ಚಲೋ. ಅದೇ ಕೆಲಸ ಎರಡೂವರೆ ದಿನ ಹಿಡಿದರೆ ದಿನಕ್ಕೆ 320. ಉದ್ಯೋಗ ಖಾತ್ರಿಯಲ್ಲಿ 2025-26ನೇ ಸಾಲಿಗೆ ಕರ್ನಾಟಕದ ದಿನಗೂಲಿಯೇ 370 ಇತ್ತು. ಅಂದರೆ ಕಣ್ಣು ಉರಿಸಿಕೊಂಡು ಅದಕ್ಕಿಂತ ಕಡಿಮೆ ದುಡಿದಂತಾಯಿತು.

ಆದ್ದರಿಂದ ಒಂದು ನೋಟುಬುಕ್ ಇಡಿ. ಹಿಡಿದ ತಾಸು, ಬಂದ ಹಣ, ಕರೆಂಟ್, ಡೇಟಾ ಖರ್ಚು ಎಲ್ಲ ಬರೆಯಿರಿ. ಮೊದಲ ಮೂರು ತಿಂಗಳು ಒಂದು ರೂಪಾಯಿಯೂ ಬರದೆ ಇರಬಹುದು. ಆ ಮೂರು ತಿಂಗಳ ಮನೆಖರ್ಚಿಗೆ ಬೇರೆ ದಾರಿ ಇದ್ದರೆ ಮಾತ್ರ ಇಳಿಯಿರಿ. ಇರುವ ಕೆಲಸ ಬಿಟ್ಟು, ಒಡವೆ ಒತ್ತೆ ಇಟ್ಟು ಇಳಿಯುವ ದಾರಿ ಇದಲ್ಲ.

7. ಕಾಗದಪತ್ರ

ಪ್ಯಾನ್ ಕಾರ್ಡ್ ಮಾಡಿಸಿ ಆಧಾರ್‌ಗೆ ಜೋಡಿಸಿರಿ. ಬ್ಯಾಂಕ್ ಖಾತೆ ನಿಮ್ಮ ಹೆಸರಿನಲ್ಲೇ ಇರಲಿ. ಪ್ರತಿ ಕೆಲಸಕ್ಕೂ ಒಂದು ಬಿಲ್ ಬರೆದು ಇಟ್ಟುಕೊಳ್ಳಿ. ಹೊರದೇಶದಿಂದ ಹಣ ಬಂದಾಗ ಬ್ಯಾಂಕಿನವರು ಯಾವುದಕ್ಕೆ ಅಂತ ಕೇಳಬಹುದು. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಸಾಮಾನ್ಯ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ. ಆದರೆ ಯಾರಾದರೂ ನಿಮ್ಮ ಹಣದಲ್ಲಿ ಟಿಡಿಎಸ್ ಹಿಡಿದಿದ್ದರೆ, ರಿಟರ್ನ್ ಸಲ್ಲಿಸಿದರೆ ಮಾತ್ರ ಅದು ತಿರುಗಿ ಬರುತ್ತದೆ.

16ರಿಂದ 59 ವಯಸ್ಸಿನ ಅಸಂಘಟಿತ ಕಾರ್ಮಿಕರಿಗೆ 2021ರ ಆಗಸ್ಟ್‌ನಲ್ಲಿ ಶುರುವಾದ ಇ-ಶ್ರಮ್ ನೋಂದಣಿ ಉಚಿತ. 59 ದಾಟುವ ಮೊದಲು ಮಾಡಿಸಿರಿ. ವೇದಿಕೆಗಳ ಮೂಲಕ ದುಡಿಯುವವರಿಗಾಗಿ ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾನೂನು ತಂದಿದೆ, ಅದರಲ್ಲಿ ಕಲ್ಯಾಣ ಮಂಡಳಿಗೂ ಅವಕಾಶ ಇದೆ. ಪರಿಚಯದವರಿಂದ ನೇರವಾಗಿ ಕೆಲಸ ತರುವವರು ಮಾತ್ರ ತಮ್ಮ ವಿಮೆ, ಉಳಿತಾಯ ತಾವೇ ನೋಡಿಕೊಳ್ಳಬೇಕು.

8. ಮನೆಯೊಳಗಿನ ಮಾತು

ಟೈಪಿಂಗ್‌ಗಿಂತ ಇದು ಕಷ್ಟ. ಹೊರಗೆ ಹೋಗಿ ದುಡಿದರೆ "ಕೆಲಸಕ್ಕ ಹೋಗ್ಯಾಳ" ಅಂತಾರೆ. ಮನೆಯಲ್ಲಿ ಕುಳಿತು ದುಡಿದರೆ "ಮೊಬೈಲ್ ನೋಡ್ಕೋತ ಕುಂತಾಳ" ಅಂತಾರೆ. ನಡುವೆ ಎದ್ದು ರೊಟ್ಟಿ ಬಡಿಯಬೇಕು, ಮೊಮ್ಮಗನನ್ನು ಎತ್ತಿಕೊಳ್ಳಬೇಕು. ಕೊನೆಗೆ ನಿದ್ದೆಯ ತಾಸು ಕೆಲಸದ ತಾಸಾಗುತ್ತದೆ. ಶುರು ಮಾಡುವ ಮೊದಲು ಮನೆಯವರೆಲ್ಲ ಕೂತು ಮಾತಾಡಿ. ದಿನಕ್ಕೆ ಮೂರು ತಾಸು ಇವರದು, ಆ ಹೊತ್ತಿನಲ್ಲಿ ಚಹಾ ಬೇರೆಯವರು ಮಾಡಬೇಕು ಅಂತ ಗೊತ್ತುಮಾಡಿ. ಮಗ ಅಥವಾ ಮೊಮ್ಮಗಳು ಕಂಪ್ಯೂಟರ್ ಕಲಿಸಲಿ. ಆದರೆ ಪಾಸ್‌ವರ್ಡ್, ಪಿನ್, ಬಂದ ಹಣ ದುಡಿದವರ ಕೈಯಲ್ಲೇ ಇರಲಿ. ಕಣ್ಣು ಒಮ್ಮೆ ತಪಾಸಣೆ ಮಾಡಿಸಿ, ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ.

ಒಬ್ಬರೇ ಮಾಡುವುದಕ್ಕಿಂತ ಮೂವರು ಕೂಡಿದರೆ ಸುಲಭ. ಒಬ್ಬರಿಗೆ ಟೈಪಿಂಗ್, ಒಬ್ಬರಿಗೆ ಮರಾಠಿ, ಒಬ್ಬರಿಗೆ ಇಂಗ್ಲಿಷ್ ಪತ್ರ ಬರೆಯುವುದು ಬರುತ್ತಿದ್ದರೆ ಊರಿನ ಕೆಲಸವನ್ನು ಕೂಡಿ ಹಿಡಿಯಬಹುದು. ಆದರೆ ಅಪ್‌ವರ್ಕ್, ಫೈವರ್‌ನಲ್ಲಿ ಒಬ್ಬರ ಖಾತೆಯನ್ನು ಇನ್ನೊಬ್ಬರು ಬಳಸಬಾರದು. ಬಾಡಿಗೆಗೆ ಕೊಟ್ಟರೆ ಖಾತೆಯೇ ರದ್ದಾಗುತ್ತದೆ.

ಕೊನೆಗೆ ನಮ್ಮ ತಾಯಿಯ ವಿಷಯ. ಅವರು ಆರು ತಿಂಗಳು ಕಂಪ್ಯೂಟರ್ ಮುಟ್ಟಲಿಲ್ಲ. ಆಮೇಲೆ ತಾವು ಮೊದಲು ಕೆಲಸ ಮಾಡಿದ ಅಂಗಡಿಯ ಹಳೆಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿದರು. ಒಂದು ಸ್ಮರಣ ಸಂಚಿಕೆಯ ಹಳೆ ನುಡಿ ಫೈಲ್‌ಗಳನ್ನು ಯುನಿಕೋಡ್ ಮಾಡಿಕೊಡಲು ಸಿಕ್ಕಿತು, 2,400 ರೂಪಾಯಿ ಬಂತು. ಅದರಲ್ಲಿ ಮೊದಲು ಸಂಘದ ಕಂತು ಕಟ್ಟಿದರು. ಮುಂದಿನ ತಿಂಗಳು ಏನೂ ಸಿಗಲಿಲ್ಲ, ಅದರ ಮುಂದಿನ ತಿಂಗಳು ಎರಡು ಸಣ್ಣ ಕೆಲಸ ಬಂದವು. ಸಾಲ ಇನ್ನೂ ಸ್ವಲ್ಪ ಉಳಿದಿದೆ. ನಮ್ಮ ಸಂಘಗಳೂ ಒಂದು ನಿಯಮ ಮಾಡಿಕೊಂಡಿವೆ: ಆನ್‌ಲೈನ್ ಕೆಲಸಕ್ಕೆ ಸಾಲ ಕೇಳಿದರೆ, ಆ ಜಾಹೀರಾತನ್ನು ಸಭೆಯಲ್ಲಿ ಎಲ್ಲರೂ ಓದಬೇಕು. ಆ ದಿನ ನಾನು ಕೇಳದೆ ಬಿಟ್ಟ ಪ್ರಶ್ನೆಯನ್ನು ಈಗ ಹದಿನೈದು ಜನ ಕೇಳುತ್ತಾರೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಿಮ್ಮ ಮೊಬೈಲ್‌ಗೆ ಬಂದ ಒಂದು ಕೆಲಸದ ಜಾಹೀರಾತನ್ನು ಎಲ್ಲರೂ ಕೂಡಿ ಓದಿರಿ. ಎರಡನೇ ಭಾಗದ ಐದು ಗುರುತುಗಳಲ್ಲಿ ಯಾವುದು ಅದರಲ್ಲಿದೆ?

2. ಪ್ರತಿಯೊಬ್ಬರೂ ತಮ್ಮ ಪಕ್ಕದಲ್ಲಿ ಕುಳಿತವರಿಗೆ ಬರುವ ಎರಡು ವಿದ್ಯೆ ಹೇಳಿರಿ. (ತಮ್ಮದು ತಮಗೆ ಕಾಣುವುದಿಲ್ಲ, ಪಕ್ಕದವರಿಗೆ ಕಾಣುತ್ತದೆ.)

3. ಮನೆಯಲ್ಲಿ ದುಡಿಯುವವರಿಗೆ ಮೂರು ತಾಸು ಬಿಡುವು ಕೊಡಲು ಯಾರು ಯಾವ ಕೆಲಸ ಹಂಚಿಕೊಳ್ಳಬೇಕು?

ಮುಂದಿನ ಸಭೆಗೆ ಬರುವಾಗ: ಐದನೇ ಭಾಗದಲ್ಲಿ ಕೊಟ್ಟಂತೆ ನಿಮ್ಮ ಬಗ್ಗೆ ಐದು ಸಾಲು ಬರೆದು ತನ್ನಿರಿ. ಬರೆಯಲು ಬಾರದವರು ಹೇಳಿರಿ, ಬರೆದುಕೊಳ್ಳುವವರು ಇರುತ್ತಾರೆ.